ಬ್ರೈಟನ್ ಕಡಲಕರೆಯಲ್ಲಿ ನಮ್ಮವರು

ಊರುಗಳ ಚರಿತ್ರೆಯನ್ನು ಓದುವುದರಲ್ಲಿ ನಮಗೆ ಮೊದಲಿನಿಂದಲೂ ಆಸಕ್ತಿಯುಂಟು. ರಾಜ್ಯಗಳ ಚರಿತ್ರೆಯಲ್ಲಿ ಅರಸರೂ ಸೇನಾಪತಿಗಳೂ ಮಾತ್ರ ಕಾಣಿಸಿಕೊಳ್ಳುತ್ತಾರೆ. ಊರಿನ ಚರಿತ್ರೆಯಲ್ಲಾದರೋ ಬೆಸ್ತನೂ ವೈದ್ಯನೂ ಅಂಗಮರ್ದನ ಮಾಡುವವನೂ ಅರಸನ ಪಕ್ಕದಲ್ಲಿಯೇ ನಿಲ್ಲುತ್ತಾರೆ. ಈ ತಿಂಗಳು ನಾವು ವಾಚಕರ ಮುಂದೆ ಇಡಬೇಕೆಂದಿರುವುದು ಅಂಥ ಒಂದು ಊರಿನ ಕಥೆ. ಅದು ನಮ್ಮ ನಾಡಿನದಲ್ಲ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿರುವ ಬ್ರೈಟನ್ ಎಂಬ ಪಟ್ಟಣದ್ದು. ‘ಅಷ್ಟು ದೂರದ ಊರಿನ ಗೊಡವೆ ನಮಗೇತಕ್ಕೆ?’ ಎಂದು ಕೇಳುವವರು ಸ್ವಲ್ಪ ತಾಳಬೇಕು. ಆ ಊರಿನ ನೆನಪಿನ ಚೀಲದಲ್ಲಿ ನಮ್ಮ ಮನೆಯ ಗಂಟೊಂದು ಸೇರಿಕೊಂಡಿದೆ. ಅದನ್ನು ಬಿಚ್ಚಿ ನೋಡುವುದಕ್ಕಾಗಿಯೇ ಈ ಪ್ರಯತ್ನ.

ಲಂಡನ್ ನಗರಕ್ಕೆ ದಕ್ಷಿಣದಲ್ಲಿ, ಸುಮಾರು ೫೦ ಮೈಲಿ ದೂರದಲ್ಲಿ, ಸಸೆಕ್ಸ್ ಪ್ರಾಂತದ ಸೀಮೆಸುಣ್ಣದ ಗುಡ್ಡಗಳು ಇಳಿದು ಬಂದು ಸಮುದ್ರವನ್ನು ಮುಟ್ಟುವೆಡೆಯಲ್ಲಿ ಈ ಪಟ್ಟಣವಿದೆ. ಆ ಗುಡ್ಡಗಳಿಗೆ ಅಲ್ಲಿಯವರು ‘ಡೌನ್ಸ್’ ಎನ್ನುವರು. ನಮ್ಮ ಕಾರವಾರದ ತೀರದಲ್ಲಿರುವಂಥ ಮರಳು ಅಲ್ಲಿಲ್ಲ. ಅಲೆಗಳು ಹೊರಳಿಸಿ ಹೊರಳಿಸಿ ನುಣುಪು ಮಾಡಿದ ಚಕಮಕಿ ಕಲ್ಲುಗಳ ರಾಶಿಯೇ ಕಡಲಕರೆ. ಊರಿನ ಹಳೆಯ ಹೆಸರು ಬ್ರೈಟ್‌ಹೆಲ್ಮ್‌ಸ್ಟನ್. ಉದ್ದವಾದ ಹೆಸರು ಜನರ ನಾಲಗೆಯ ಮೇಲೆ ಸವೆದು ಕ್ರಮೇಣ ಬ್ರೈಟನ್ ಎಂದಾಯಿತು.

ಮೊದಲು ಅದು ಕೇವಲ ಬೆಸ್ತರ ಊರು. ೧೫೧೪ರಲ್ಲಿ ಫ್ರೆಂಚರು ಹಡಗಿನಲ್ಲಿ ಬಂದು ಅದನ್ನು ಸುಟ್ಟರು. ೧೭೦೩ರಲ್ಲಿಯೂ ೧೭೦೫ರಲ್ಲಿಯೂ ಎದ್ದ ಚಂಡಮಾರುತಗಳು ದಿಬ್ಬದ ಕೆಳಗೆ ಸಮುದ್ರಕ್ಕೆ ಒತ್ತಿಕೊಂಡಿದ್ದ ಕೇರಿಯನ್ನು ನೆಲಸಮ ಮಾಡಿದುವು. ಬೆಸ್ತರಿಗೆ ಅನ್ನವನ್ನು ಕೊಡುತ್ತಿದ್ದ ಸಮುದ್ರವೇ ಮನೆಯನ್ನು ಕಿತ್ತುಕೊಂಡಿತು. ಹೀಗೆ ಬಡವಾಗಿ ಬಿದ್ದಿದ್ದ ಊರು ನೂರು ವರ್ಷಗಳೊಳಗೆ ರಾಜಪರಿವಾರದ ವಿಹಾರಸ್ಥಾನವಾದದ್ದು ಹೇಗೆಂದರೆ, ಅದಕ್ಕೆ ಕಾರಣ ಒಂದು ವೈದ್ಯಗ್ರಂಥ.

ಬ್ರೈಟನ್ನಿಗೆ ಸಮೀಪದ ಲೂಯಿಸ್ ಎಂಬ ಊರಿನಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯನಿದ್ದನು. ಸಮುದ್ರದ ನೀರು ದೇಹದ ಗ್ರಂಥಿರೋಗಗಳಿಗೆ ಮದ್ದೆಂದು ಪ್ರತಿಪಾದಿಸುವ ಗ್ರಂಥವೊಂದನ್ನು ಈತನು ೧೭೫೦ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದನು. ನಮ್ಮಲ್ಲಿ ವಾಗ್ಭಟಾದಿಗಳು ಸಂಸ್ಕೃತದಲ್ಲಿ ಬರೆದಂತೆ ಯೂರೋಪಿನ ಪಂಡಿತರಿಗೆ ಆಗ ಲ್ಯಾಟಿನ್ನೇ ಶಾಸ್ತ್ರಭಾಷೆ. ಆದರೆ ಈ ಗ್ರಂಥ ಪಂಡಿತರ ಮನೆಯಲ್ಲಿ ನಿಲ್ಲಲಿಲ್ಲ. ಎರಡು ಮೂರು ವರ್ಷಗಳೊಳಗೆ ಇಂಗ್ಲಿಷಿನಲ್ಲಿ ಹೊರಬಂದು ರೋಗಿಗಳ ಕೈಗೂ ಸೇರಿತು. ಸಮುದ್ರದಲ್ಲಿ ಮೀಯುವುದು ಮಾತ್ರವಲ್ಲ, ಆ ಉಪ್ಪುನೀರನ್ನು ಕುಡಿಯುವುದೂ ರಸೆಲನ ಚಿಕಿತ್ಸೆಯ ಭಾಗವಾಗಿತ್ತು! ೧೭೫೩ರಲ್ಲಿ ಆತನು ಬ್ರೈಟನ್ನಿನ ತೀರದಲ್ಲಿಯೇ ಮನೆ ಕಟ್ಟಿಸಿಕೊಂಡು ರೋಗಿಗಳನ್ನು ಅಲ್ಲಿಗೇ ಬರಮಾಡಿಕೊಂಡನು. ಆತನ ಔಷಧ ಎಷ್ಟು ಮಂದಿಯನ್ನು ಗುಣಪಡಿಸಿತೋ, ಊರನ್ನಂತೂ ಗುಣಪಡಿಸಿತು.

ನಮ್ಮ ಹಿರಿಯರು ಅಮಾವಾಸ್ಯೆ, ಗ್ರಹಣ ಮೊದಲಾದ ಪರ್ವಕಾಲಗಳಲ್ಲದೆ ಸಮುದ್ರಸ್ನಾನ ಮಾಡಕೂಡದೆಂದು ಕಟ್ಟುಮಾಡಿದ್ದುದನ್ನು ವಾಚಕರು ಬಲ್ಲರು. ರಸೆಲನ ಅನುಯಾಯಿಗಳಿಗಾದರೋ ತಿಥಿ ವಾರಗಳ ನಿಯಮವಿಲ್ಲ. ಚಳಿಗಾಲದ ಬೆಳಗ್ಗೆ ಕೊರೆಯುವ ನೀರಿನಲ್ಲಿ ಮುಳುಗುವುದೇ ಹೆಚ್ಚು ಗುಣಕಾರಿಯೆಂದು ನಂಬಿದವರೂ ಇದ್ದರು. ಆದರೆ ಮಾನವಂತರು ಬಯಲಿನಲ್ಲಿ ಮೀಯುವುದು ಹೇಗೆ? ಅದಕ್ಕಾಗಿ ಚಕ್ರದ ಮೇಲೆ ನಿಲ್ಲಿಸಿದ ಮರದ ಕೋಣೆಗಳನ್ನು ಮಾಡಿದರು. ರೋಗಿಯು ಒಳಗೆ ಕುಳಿತು ಬಟ್ಟೆ ಬದಲಾಯಿಸುವಷ್ಟರಲ್ಲಿ ಕುದುರೆ ಆ ಕೋಣೆಯನ್ನು ನೀರಿಗೆ ಎಳೆದೊಯ್ಯುತ್ತಿತ್ತು. ಅಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತ ಗಟ್ಟಿಮುಟ್ಟಾದ ಹೆಂಗಸು ಮೆಟ್ಟಿಲಿಳಿದವಳನ್ನು ಹಿಡಿದು ಅಲೆಯಲ್ಲಿ ಮುಳುಗಿಸಿ ಎತ್ತುವಳು. ಬ್ರೈಟನ್ನಿನಲ್ಲಿ ಈ ಕಸುಬಿನಿಂದ ಹೆಸರಾದವಳು ಮಾರ್ಥಾ ಗನ್. ೧೭೨೬ರಲ್ಲಿ ಹುಟ್ಟಿ ೧೮೧೫ರಲ್ಲಿ ತೀರಿಕೊಂಡ ಈಕೆ ಮುಪ್ಪಿನವರೆಗೂ ಕಡಲಿನಲ್ಲಿ ನಿಂತು ಕುಲೀನ ಸ್ತ್ರೀಯರಿಗೆ ಸ್ನಾನ ಮಾಡಿಸಿದಳು. ಸೇಂಟ್ ನಿಕೊಲಸ್ ಇಗರ್ಜಿಯ ಅಂಗಳದಲ್ಲಿರುವ ಆಕೆಯ ಗೋರಿಯನ್ನು ಊರಿನವರು ಇಂದಿಗೂ ತೋರಿಸುತ್ತಾರೆ.

೧೭೮೩ರಲ್ಲಿ ಈ ಊರಿಗೆ ಒಬ್ಬ ದೊಡ್ಡ ಅತಿಥಿ ಬಂದನು. ಅವನು ಮೂರನೆಯ ಜಾರ್ಜ್ ದೊರೆಯ ಹಿರಿಯ ಮಗ, ಆಗ ೨೧ ವರ್ಷದ ಯುವರಾಜ. ಅವನ ಕುತ್ತಿಗೆಯ ಗ್ರಂಥಿಗಳು ಬಾತಿದ್ದುವು. ವೈದ್ಯರು ಸಮುದ್ರಸ್ನಾನವನ್ನು ವಿಧಿಸಿದರು. ಮದ್ದಿಗೆಂದು ಬಂದವನಿಗೆ ಊರಿನ ಮೇಲೆ ಮೋಹ ಹುಟ್ಟಿತು. ೧೭೮೭ರಲ್ಲಿ ಹೆನ್ರಿ ಹಾಲೆಂಡ್ ಎಂಬ ಶಿಲ್ಪಿಯಿಂದ ಅಲ್ಲಿ ಒಂದು ಸೌಧವನ್ನು ಕಟ್ಟಿಸಿದನು. ಆಮೇಲೆ ವಿಲಿಯಂ ಪೋರ್ಡನ್ ಎಂಬಾತನು ಕುದುರೆಗಳಿಗಾಗಿ ಗುಮ್ಮಟವುಳ್ಳ ಲಾಯವೊಂದನ್ನು ಹಿಂದೂಸ್ಥಾನದ ಮಾದರಿಯಲ್ಲಿ ಕಟ್ಟಿದನು. ಕುದುರೆಗಳ ಮನೆ ತನ್ನ ಮನೆಗಿಂತ ಭವ್ಯವಾಗಿ ಕಂಡರೆ ರಾಜಕುಮಾರನು ಸುಮ್ಮನಿರುವುದುಂಟೆ? ೧೮೧೫ರಿಂದ ೧೮೨೨ರವರೆಗೆ ಜಾನ್ ನ್ಯಾಷ್ ಎಂಬ ಶಿಲ್ಪಿ ಹಳೆಯ ಸೌಧವನ್ನು ಒಳಗೊಂಡಂತೆ ದೊಡ್ಡ ಅರಮನೆಯನ್ನೇ ನಿರ್ಮಿಸಿದನು. ಅದೇ ಇಂದು ಲೋಕಪ್ರಸಿದ್ಧವಾದ ರಾಯಲ್ ಪೆವಿಲಿಯನ್. ಹೊರಗೆ ಈರುಳ್ಳಿಯಾಕಾರದ ಗುಮ್ಮಟಗಳು, ಮಿನಾರುಗಳು, ಕಲ್ಲಿನ ಜಾಲಂದ್ರಗಳು. ಒಳಗೆ ಚೀನಾ ದೇಶದ ರೀತಿಯ ಅಲಂಕಾರ. ಅಷ್ಟರಲ್ಲಿ ಯುವರಾಜನೂ ನಾಲ್ಕನೆಯ ಜಾರ್ಜ್ ಎಂಬ ಹೆಸರಿನಿಂದ ದೊರೆಯಾಗಿದ್ದನು.

ಇಲ್ಲಿ ವಾಚಕರು ಗಮನಿಸತಕ್ಕ ಅಂಶವೊಂದಿದೆ. ಈ ನ್ಯಾಷ್ ಎಂಬುವನು ಭಾರತವನ್ನು ಕಣ್ಣಿನಿಂದ ಕಂಡವನಲ್ಲ. ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ ಎಂಬ ಇಬ್ಬರು ಚಿತ್ರಕಾರರು ನಮ್ಮ ದೇಶವನ್ನು ವರ್ಷಗಟ್ಟಲೆ ಸುತ್ತಿ, ದೇವಾಲಯ ಮಸೀದಿ ಕೋಟೆಗಳನ್ನು ಬರೆದುಕೊಂಡು ಹೋಗಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದ್ದರು. ೧೭೯೨ರಲ್ಲಿ ಅವರು ನಮ್ಮ ಬೆಂಗಳೂರಿನ ಪ್ರಾಂತದಲ್ಲಿಯೂ ಓಡಾಡಿದವರೇ. ಆ ಚಿತ್ರಗಳನ್ನು ನೋಡಿ ನೋಡಿ ನ್ಯಾಷ್ ತನ್ನ ಕಲ್ಪನೆಯ ಹಿಂದೂಸ್ಥಾನವನ್ನು ಇಂಗ್ಲಿಷ್ ಕಡಲಕರೆಯಲ್ಲಿ ನಿಲ್ಲಿಸಿದನು. ನೋಡದ ದೇಶದ ಕನಸಿನಲ್ಲಿ ಕಟ್ಟಿದ ಆ ಅರಮನೆಗೆ ಆ ದೇಶದ ಮಕ್ಕಳೇ ಒಂದು ದಿನ ಗಾಯಗೊಂಡು ಬಂದು ಮಲಗುವರೆಂದು ಅಂದು ಯಾರಿಗೂ ಹೊಳೆದಿರಲಾರದು. ಆ ಮಾತಿಗೆ ಮುಂದೆ ಬರುತ್ತೇವೆ.

ಅರಮನೆ ಮೇಲೇಳುತ್ತಿದ್ದ ಕಾಲದಲ್ಲಿಯೇ ನಿಜವಾದ ಹಿಂದೂಸ್ಥಾನದವನೊಬ್ಬನು ಬ್ರೈಟನ್ನಿನಲ್ಲಿ ಬಂದು ನೆಲಸಿದನು. ಅವನ ಹೆಸರು ಶೇಖ್ ದೀನ್ ಮಹಮ್ಮದ್. ೧೭೫೯ರಲ್ಲಿ ಪಾಟ್ನಾದಲ್ಲಿ ಹುಟ್ಟಿ, ಹುಡುಗತನದಲ್ಲಿಯೇ ಕಂಪೆನಿಯ ಸೈನ್ಯದ ಬೆನ್ನು ಹತ್ತಿ, ೧೭೮೪ರಲ್ಲಿ ಸಮುದ್ರವನ್ನು ದಾಟಿ ಐರ್ಲೆಂಡಿಗೆ ಹೋದನು. ಅಲ್ಲಿ ಐರಿಷ್ ಕನ್ಯೆಯನ್ನು ಮದುವೆಯಾದನು. ೧೭೯೪ರಲ್ಲಿ ತನ್ನ ಪ್ರವಾಸದ ವೃತ್ತಾಂತವನ್ನು ಅಚ್ಚು ಹಾಕಿಸಿದನು. ಭಾರತೀಯನೊಬ್ಬನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕವದು. ೧೮೧೦ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಮನೆಯೊಂದನ್ನು ತೆರೆದು ಕೈ ಸುಟ್ಟುಕೊಂಡನು. ಆದರೂ ಎದೆಗುಂದದೆ ೧೮೧೪ರ ಸುಮಾರಿಗೆ ಬ್ರೈಟನ್ನಿಗೆ ಬಂದು, ಮೂಲಿಕೆಗಳ ಹಬೆಯಲ್ಲಿ ಬೆವರಿಸಿ ಮೈಯನ್ನು ಅಮುಕಿ ತೀಡುವ ಸ್ನಾನಗೃಹವನ್ನು ನಡೆಸಿದನು. ಕೀಲುನೋವು ವಾತರೋಗಗಳಿಂದ ನರಳುತ್ತಿದ್ದ ಶ್ರೀಮಂತರು ಅವನ ಬಾಗಿಲಲ್ಲಿ ಸಾಲುಗಟ್ಟಿದರು. ನಾಲ್ಕನೆಯ ಜಾರ್ಜ್, ನಾಲ್ಕನೆಯ ವಿಲಿಯಂ ಎಂಬ ಇಬ್ಬರು ದೊರೆಗಳಿಗೂ ಅವನು ಅಧಿಕೃತ ಅಂಗಮರ್ದಕನಾದನು.

ಈ ಅಂಗಮರ್ದನಕ್ಕೆ ಅಲ್ಲಿ ನಡೆದ ಹೆಸರು ‘ಶಾಂಪೂ’. ನಮ್ಮ ಮನೆಗಳ ಬಚ್ಚಲಿನಲ್ಲಿ ಇಂದು ಸೀಸೆಯಾಗಿ ಕುಳಿತಿರುವ ಶಾಂಪೂ ಎಂಬ ಮಾತು ಮೂಲತಃ ನಮ್ಮ ದೇಶದ್ದೇ. ಹಿಂದೂಸ್ಥಾನಿಯಲ್ಲಿ ಒತ್ತುವುದು, ಅಮುಕುವುದು ಎಂಬರ್ಥದ ‘ಚಾಂಪ್ನಾ’ ಎಂಬ ಕ್ರಿಯೆಯಿಂದ ಅದು ಹುಟ್ಟಿತು. ಕೂದಲು ತೊಳೆಯುವ ಅರ್ಥ ಬಹಳ ಕಾಲದ ಮೇಲೆ ಬಂದದ್ದು. ಸಂಸ್ಕೃತದಲ್ಲಿ ಈ ಕ್ರಿಯೆಗೆ ಸಂವಾಹನವೆಂದು ಹೆಸರು, ಮಾಡುವವನು ಸಂವಾಹಕ. ಶೂದ್ರಕನ ‘ಮೃಚ್ಛಕಟಿಕ’ವನ್ನು ಓದಿದವರಿಗೆ ಜೂಜಿನಲ್ಲಿ ಸೋತು ಓಡಿಬರುವ ಸಂವಾಹಕನ ನೆನಪಿರಬಹುದು. ಹೊಟ್ಟೆಯ ಪಾಡಿಗಾಗಿ ಮೈಯೊತ್ತುವ ಕಲೆಯನ್ನು ಹಿಡಿದು ಪರಸ್ಥಳವಾದ ಉಜ್ಜಯಿನಿಗೆ ಬಂದ ಆ ಪಾತ್ರದ ಜನ್ಮಭೂಮಿ ಪಾಟಲಿಪುತ್ರ. ಪಾಟಲಿಪುತ್ರವೇ ಈಗಿನ ಪಾಟ್ನಾ! ಕವಿಯು ಕಲ್ಪಿಸಿದ ಸಂವಾಹಕನ ಊರಿನಿಂದಲೇ ನಿಜವಾದ ಸಂವಾಹಕನೊಬ್ಬನು ಹೊರಟು, ಎರಡು ಸಮುದ್ರಗಳಾಚೆ ದೊರೆಯ ಮೈಯೊತ್ತಿದನೆಂಬುದನ್ನು ನೆನೆದರೆ ಸಂತೋಷವಾಗದೆ ಇರುವುದೆ? ೧೮೫೧ರಲ್ಲಿ ದೀನ್ ಮಹಮ್ಮದನು ಬ್ರೈಟನ್ನಿನಲ್ಲಿಯೇ ತೀರಿಕೊಂಡನು. ಮಾರ್ಥಾ ಗನ್ ಮಲಗಿರುವ ಸೇಂಟ್ ನಿಕೊಲಸ್ ಅಂಗಳದಲ್ಲಿಯೇ ಇವನೂ ಮಲಗಿದ್ದಾನೆ. ಊರಿನ ಐಶ್ವರ್ಯಕ್ಕೆ ತಮ್ಮ ತೋಳಿನ ಬಲವನ್ನು ಕೊಟ್ಟ ಇಬ್ಬರೂ ಹೀಗೆ ನೆರೆಹೊರೆಯವರಾದರು.

ಅರಸರ ಕಾಲ ಬೇಗನೆ ಮುಗಿಯಿತು. ವಿಕ್ಟೋರಿಯ ರಾಣಿಗೆ ಜನಸಂದಣಿಯ ನಡುವಣ ಆ ಅರಮನೆ ಹಿಡಿಸಲಿಲ್ಲ. ೧೮೪೫ರ ತರುವಾಯ ಆಕೆ ಅಲ್ಲಿ ತಂಗಲಿಲ್ಲ. ೧೮೫೦ರಲ್ಲಿ ಊರಿನವರೇ ೫೩,೦೦೦ ಪೌಂಡು ಕೊಟ್ಟು ಅದನ್ನು ಕೊಂಡುಕೊಂಡರು. ಅಷ್ಟು ಹೊತ್ತಿಗೆ, ಅಂದರೆ ೧೮೪೧ರಲ್ಲಿಯೇ, ಲಂಡನ್ನಿನಿಂದ ರೈಲು ಬಂದಿತ್ತು. ಶ್ರೀಮಂತರ ಸಾರೋಟುಗಳು ಬರುತ್ತಿದ್ದಲ್ಲಿಗೆ ಗುಮಾಸ್ತರೂ ಕೂಲಿಯವರೂ ಹೆಂಡಿರು ಮಕ್ಕಳೊಡನೆ ಬಂದು ಸಂಜೆಗೆ ಹಿಂದಿರುಗುವಂತಾಯಿತು. ೧೮೦೧ರಲ್ಲಿ ಸುಮಾರು ೭,೦೦೦ ಇದ್ದ ಜನಸಂಖ್ಯೆ ೧೮೫೧ರಲ್ಲಿ ೬೫,೦೦೦ವನ್ನು ಮೀರಿತು. ೧೮೭೧ರ ಶಾಸನವು ಬ್ಯಾಂಕುಗಳ ನೌಕರರಿಗೆ ಸಾರ್ವತ್ರಿಕ ರಜಾದಿನಗಳನ್ನು ಕೊಟ್ಟು ಇತರರಿಗೂ ಆ ಅಭ್ಯಾಸವನ್ನು ಹರಡಿತು. ಕಡಲಕರೆಯಲ್ಲಿ ಜಾತ್ರೆ ನೆರೆಯಿತು.

ಜಾತ್ರೆಗೆ ತಕ್ಕ ನೋಟಗಳು ಬೇಡವೆ? ನೀರಿನೊಳಕ್ಕೆ ಚಾಚಿಕೊಂಡ ಸೇತುವೆಗಳನ್ನು ಕಟ್ಟಿದರು. ಇವು ಎಲ್ಲಿಗೂ ಸೇರಿಸದ ಸೇತುವೆಗಳು. ಕೊನೆಯವರೆಗೆ ನಡೆದುಹೋಗಿ ಗಾಳಿ ಸೇವಿಸಿ ಹಿಂದಿರುಗುವುದೇ ಇವುಗಳ ಪ್ರಯೋಜನ. ಅಲ್ಲಿಯವರು ಇದನ್ನು ‘ಪಿಯರ್’ ಎನ್ನುತ್ತಾರೆ. ೧೮೨೩ರಲ್ಲಿ ಕಬ್ಬಿಣದ ಸರಪಣಿಗಳಿಂದ ತೂಗುಹಾಕಿದ ಮೊದಲನೆಯ ಪಿಯರ್ ೧೮೯೬ರ ಡಿಸೆಂಬರಿನ ಬಿರುಗಾಳಿಗೆ ಕೊಚ್ಚಿಹೋಯಿತು. ೧೮೬೬ರಲ್ಲಿ ಪಶ್ಚಿಮದ ಪಿಯರ್, ೧೮೯೯ರಲ್ಲಿ ಅರಮನೆಯ ಹೆಸರಿನ ಪಿಯರ್ ತೆರೆದುವು. ೧೮೮೩ರಲ್ಲಿ ಮ್ಯಾಗ್ನಸ್ ವೋಕ್ ಎಂಬ ಊರಿನ ಯಂತ್ರಜ್ಞನು ತೀರದ ಉದ್ದಕ್ಕೂ ವಿದ್ಯುಚ್ಛಕ್ತಿಯಿಂದ ಓಡುವ ಪುಟ್ಟ ರೈಲನ್ನು ಹಾಕಿದನು. ಇಂದಿಗೂ ಓಡುತ್ತಿರುವ ವಿದ್ಯುತ್ ರೈಲುಗಳಲ್ಲಿ ಲೋಕಕ್ಕೆಲ್ಲ ಹಳೆಯದು ಅದೇ.

ಇನ್ನು ಮೊದಲು ಹೇಳಿದ ನಮ್ಮ ಗಂಟಿನ ಮಾತು. ೧೯೧೪ರಲ್ಲಿ ಮಹಾಯುದ್ಧ ಮೊದಲಾದಾಗ ಭಾರತೀಯ ಸೈನ್ಯವನ್ನು ಫ್ರಾನ್ಸಿನ ರಣರಂಗಕ್ಕೆ ಕಳುಹಿಸಿದರು. ಪಂಜಾಬ, ಗಢವಾಲ, ನೇಪಾಳ, ವಾಯವ್ಯ ಗಡಿನಾಡು ಮೊದಲಾದೆಡೆಗಳ ರೈತಮಕ್ಕಳು ಎಂದೂ ಕಾಣದ ಚಳಿಯಲ್ಲಿ, ಕೆಸರಿನ ಕಂದಕಗಳಲ್ಲಿ ಹೋರಾಡಿದರು. ಗಾಯಗೊಂಡವರನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಿದಾಗ ಬ್ರೈಟನ್ನಿನಲ್ಲಿ ಮೂರು ಆಸ್ಪತ್ರೆಗಳನ್ನು ಏರ್ಪಡಿಸಿದರು: ಒಂದು ಪೆವಿಲಿಯನ್ ಅರಮನೆ, ಇನ್ನೊಂದು ಯಾರ್ಕ್ ಪ್ಲೇಸಿನ ಶಾಲೆ, ಮತ್ತೊಂದು ಬಡವರಿಗಾಗಿ ಕಟ್ಟಿದ್ದ ದುಡಿಮೆಯ ಮನೆ. ಅರಮನೆಯ ಆವರಣದಲ್ಲಿ ಸುಮಾರು ೭೦೦ ಹಾಸಿಗೆಗಳು. ಪೋರ್ಡನ್ ಕಟ್ಟಿದ ಕುದುರೆಲಾಯದ ಗುಮ್ಮಟದ ಕೆಳಗೂ ಮಂಚಗಳ ಸಾಲು. ಜಾತಿಮತಗಳ ಆಚಾರಕ್ಕೆ ಭಂಗ ಬಾರದಂತೆ ಒಂಬತ್ತು ಅಡುಗೆಮನೆಗಳು. ಕುಡಿಯುವ ನೀರಿಗೆ ಹಿಂದೂಗಳಿಗೊಂದು, ಮುಸಲ್ಮಾನರಿಗೊಂದು ನಲ್ಲಿ. ಉರ್ದು, ಹಿಂದಿ, ಗುರುಮುಖಿ ಲಿಪಿಗಳಲ್ಲಿ ಸೂಚನಾಫಲಕಗಳು. ೧೯೧೫ರ ಆಗಸ್ಟಿನಲ್ಲಿ ಐದನೆಯ ಜಾರ್ಜ್ ದೊರೆಯು ಅರಮನೆಯ ತೋಟದಲ್ಲಿ ಜಮಾದಾರ್ ಮೀರ್ ದಸ್ತ್ ಎಂಬ ವೀರನಿಗೆ ವಿಕ್ಟೋರಿಯ ಕ್ರಾಸ್ ಪದಕವನ್ನು ತೊಡಿಸಿದನು.

ದೊರೆಯು ತನ್ನ ಅರಮನೆಯನ್ನೇ ಭಾರತೀಯ ಯೋಧರಿಗೆ ಬಿಟ್ಟುಕೊಟ್ಟನೆಂಬ ಮಾತು ಆಗ ಎಲ್ಲೆಲ್ಲಿಯೂ ಹಬ್ಬಿತು. ಅರಮನೆ ೧೮೫೦ರಿಂದಲೂ ಊರಿನ ಸೊತ್ತಾಗಿದ್ದಿತೆಂಬುದನ್ನು ಮೇಲೆ ನೋಡಿದೆವಷ್ಟೆ. ಬಿಟ್ಟುಕೊಟ್ಟವರು ಪುರಜನರು. ಆದರದ ಹಿಂದೆ ರಾಜಕಾರಣವೂ ಇತ್ತು. ಯೋಧರ ಸಮಾಧಾನ ಸಾಮ್ರಾಜ್ಯಕ್ಕೆ ಬೇಕಾಗಿತ್ತು. ಆದರವಾದರೂ ಎಲ್ಲ ಕಡೆಯೂ ಒಂದೇ ಸಮನಾಗಿರಲಿಲ್ಲ. ದುಡಿಮೆಯ ಮನೆಯಲ್ಲಿದ್ದ ಆಸ್ಪತ್ರೆಗೆ ಕಿಚನರ್ ಎಂಬ ಹೆಸರಿಟ್ಟಿದ್ದರು. ಅಲ್ಲಿದ್ದವರಿಗೆ ಸ್ವೇಚ್ಛೆಯಿಂದ ಊರಿನಲ್ಲಿ ತಿರುಗಾಡುವುದಕ್ಕೆ ಅವಕಾಶವಿರಲಿಲ್ಲ, ಕಾವಲಿತ್ತು, ಮುಳ್ಳುತಂತಿಯಿತ್ತು. ಗುಣವಾದ ಅನೇಕರು ಮರಳಿ ಯುದ್ಧಕ್ಕೇ ಹೋಗಬೇಕಾಯಿತು. ಇದಾವುದನ್ನೂ ಮುಚ್ಚಬೇಕಾದುದಿಲ್ಲ. ಹಾಗೆಂದು ದಾದಿಯರ, ವೈದ್ಯರ, ಹಣ್ಣುಹೂಗಳನ್ನು ಹಿಡಿದು ಬಂದ ಊರಿನವರ ಸೌಜನ್ಯವೂ ಸುಳ್ಳಲ್ಲ.

ಎಷ್ಟು ಆರೈಕೆ ಮಾಡಿದರೂ ಎಲ್ಲರೂ ಉಳಿಯಲಿಲ್ಲ. ತೀರಿಕೊಂಡ ಮುಸಲ್ಮಾನರನ್ನು ವೋಕಿಂಗ್ ಎಂಬ ಊರಿಗೆ ಕೊಂಡೊಯ್ದು ಅಲ್ಲಿಯ ಮಸೀದಿಯ ಸಮೀಪದಲ್ಲಿ ಸಮಾಧಿ ಮಾಡಿದರು. ಹಿಂದೂಗಳಿಗೂ ಸಿಖ್ಖರಿಗೂ ಪ್ಯಾಚಮ್ ಗ್ರಾಮದ ಮೇಲಣ ಗುಡ್ಡದಲ್ಲಿ, ಕುರಿ ಮೇಯುವ ಬಯಲಿನಲ್ಲಿ, ದಹನಸ್ಥಾನವನ್ನು ಏರ್ಪಡಿಸಿದರು. ಅಲ್ಲಿ ೫೩ ಮಂದಿಯ ಚಿತೆ ಉರಿಯಿತು. ಹೆತ್ತ ತಾಯಿಯಿಲ್ಲ, ಕೈಹಿಡಿದ ಹೆಂಡತಿಯಿಲ್ಲ, ಕೊಳ್ಳಿಯಿಡಲು ಮಗನಿಲ್ಲ. ಜೊತೆಯ ಸಿಪಾಯಿಗಳೇ ಬಂಧುಗಳು. ಗಂಗೆಯನ್ನು ಕಾಣದ ಆ ಬೂದಿಯನ್ನು ಎದುರಿನ ಸಮುದ್ರದಲ್ಲಿ ಬಿಟ್ಟರು. ಆರೋಗ್ಯಕ್ಕಾಗಿ ಜನರು ಯಾವ ನೀರನ್ನು ಅರಸಿ ಬರುತ್ತಿದ್ದರೋ ಆ ನೀರೇ ಇವರಿಗೆ ತೀರ್ಥವಾಯಿತು.

ಚಿತೆಯ ಸ್ಥಳದಲ್ಲಿ ಸ್ಮಾರಕ ಬೇಕೆಂಬ ಸೂಚನೆ ಮೊದಲು ಬಂದದ್ದು ದಾಸ್ ಗುಪ್ತ ಎಂಬ ಭಾರತೀಯ ವೈದ್ಯಾಧಿಕಾರಿಯಿಂದ. ಊರಿನ ಮೇಯರ್ ಜಾನ್ ಆಟರ್ ಅದನ್ನು ಎತ್ತಿಹಿಡಿದನು. ಮುಂಬಯಿಯ ಹೆನ್ರಿಕ್ಸ್ ಎಂಬ ತರುಣ ಶಿಲ್ಪಿ ನಕ್ಷೆ ಬರೆದನು. ಎಂಟು ಕಂಬಗಳ ಮೇಲೆ ಬಿಳಿಯ ಅಮೃತಶಿಲೆಯ ಗುಮ್ಮಟ. ಮುಂದೆ ಚಿತೆಯ ಕಟ್ಟೆಗಳನ್ನು ಮುಚ್ಚಿದ ಮೂರು ಕಣಶಿಲೆಯ ಹಾಸುಗಳು. ೧೯೨೧ರ ಫೆಬ್ರವರಿ ೧ರಂದು ಇದರ ಅನಾವರಣವಾಯಿತು. ಇದರ ಹೆಸರು ‘ಛತ್ರಿ’. ನಮಗೆ ಛತ್ರಿಯೆಂದರೆ ಮಳೆಗಾಲದಲ್ಲಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಡುವ ಕೊಡೆ. ಎರಡೂ ಒಂದೇ ಮಾತು. ಮುಚ್ಚು, ಮರೆಮಾಡು ಎಂಬರ್ಥದ ಧಾತುವಿನಿಂದ ಬಂದ ಛತ್ರವೇ ಎರಡಕ್ಕೂ ಮೂಲ. ದೊರೆಗಳ ತಲೆಯ ಮೇಲೆ ಹಿಡಿಯುತ್ತಿದ್ದ ಛತ್ರವನ್ನು ಇಲ್ಲಿ ಸಾಮಾನ್ಯ ಸಿಪಾಯಿಗಳ ಬೂದಿಯ ಮೇಲೆ ಹಿಡಿದಿದ್ದಾರೆ. ಅಲ್ಲಿಗೆ ಗಾಡಿಯ ರಸ್ತೆಯಿಲ್ಲ. ಹೊಲದ ನಡುವಣ ಕಾಲುದಾರಿಯಲ್ಲಿ ನಡೆದೇ ಹೋಗಬೇಕು.

ಕಟ್ಟಿದಮೇಲೆ ಕಾಯುವವರು ಬೇಕಲ್ಲವೆ? ಎರಡನೆಯ ಮಹಾಯುದ್ಧದಲ್ಲಿ ಆ ಬಯಲು ಸೈನಿಕರ ಅಭ್ಯಾಸಭೂಮಿಯಾಗಿ, ಛತ್ರಿಗೆ ಗುಂಡಿನ ಪೆಟ್ಟು ಬಿದ್ದಿತು. ಆಮೇಲೆ ನಿವೃತ್ತ ಯೋಧರ ಸಂಘದವರು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಹೂವಿಡುವ ಪದ್ಧತಿಯನ್ನು ನಡೆಸಿಕೊಂಡು ಬಂದು, ವಯಸ್ಸಾದಂತೆ ೧೯೯೯ರಲ್ಲಿ ನಿಲ್ಲಿಸಿದರು. ಆಗ ಆ ಊರಿನ ಶಾಲೆಯ ಉಪಾಧ್ಯಾಯರೊಬ್ಬರು, ಸಿಖ್ಖರು, ‘ಇದು ನಿಲ್ಲಬಾರದು’ ಎಂದು ಮುಂದೆ ಬಂದರು. ಅಂದಿನಿಂದ ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಅಲ್ಲಿ ಜನ ಸೇರುತ್ತಾರೆ. ಇದನ್ನು ಓದಿದಾಗ ಜೀವಮಾನವನ್ನೆಲ್ಲ ಪಾಠಶಾಲೆಯಲ್ಲಿ ಕಳೆದ ನಮಗೆ ಒಂದು ಬಗೆಯ ಹೆಮ್ಮೆಯಾಯಿತೆಂದು ಹೇಳಲು ಸಂಕೋಚವಿಲ್ಲ. ಆದರೂ ಒಂದು ಕೊರತೆ ಉಳಿದಿತ್ತು. ಛತ್ರಿಯಲ್ಲಿ ಯೋಧರ ಸ್ಮರಣೆಯಿತ್ತೇ ಹೊರತು ಅವರ ಹೆಸರುಗಳಿರಲಿಲ್ಲ. ೨೦೧೦ರಲ್ಲಿ, ಚಿತೆಗಳು ಆರಿ ಸುಮಾರು ೯೫ ವರ್ಷಗಳಾದ ಮೇಲೆ, ಆ ೫೩ ಹೆಸರುಗಳನ್ನು ಛತ್ರಿಯ ಬಳಿಯ ಕಲ್ಲಿನ ಗೋಡೆಯಲ್ಲಿ ಕೊರೆಸಿದರು.

ಅರಸರು ಬಿಟ್ಟುಹೋದ ಅರಮನೆ ನಿಂತಿದೆ. ಲಕ್ಷಾಂತರ ಜನ ನಡೆದ ಪಶ್ಚಿಮದ ಪಿಯರ್ ೧೯೭೫ರಲ್ಲಿ ಮುಚ್ಚಿ, ೨೦೦೩ರಲ್ಲಿ ಬೆಂಕಿಗೆ ತುತ್ತಾಗಿ, ಕಬ್ಬಿಣದ ಅಸ್ಥಿಪಂಜರವಾಗಿ ನೀರಿನಲ್ಲಿ ಉಳಿದಿದೆ. ಕಟ್ಟಡ ನಿಂತೀತು, ಬಿದ್ದೀತು. ಊರಿನ ನೆನಪು ಉಳಿಯುವುದು ಹೆಸರು ಹೇಳುವವರಿಂದ. ನಾವು ತರ್ಪಣ ಬಿಡುವಾಗ ತಂದೆ, ತಾತ, ಮುತ್ತಾತ ಎಂದು ಮೂರು ತಲೆಮಾರುಗಳ ಹೆಸರನ್ನು ಗೋತ್ರಸಹಿತವಾಗಿ ಹೇಳುತ್ತೇವೆ. ಕಡೆಯಲ್ಲಿ ಸಂತತಿಯಿಲ್ಲದೆ ಹೋದ ಕುಲದವರಿಗೂ ಬಟ್ಟೆ ಹಿಂಡಿ ನೀರು ಬಿಡುತ್ತೇವೆ. ಯಾರೊಬ್ಬರೂ ಹೆಸರಿಲ್ಲದೆ ಹೋಗಬಾರದೆಂಬುದೇ ಅದರ ತಾತ್ಪರ್ಯ. ಬ್ರೈಟನ್ನಿನ ಗುಡ್ಡದ ಮೇಲೆ ಆ ಉಪಾಧ್ಯಾಯರು ಮಾಡಿದ್ದೂ ಅದೇ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯ ಗೋಡೆಯಲ್ಲಿ ತೂಗುವ ಹಳೆಯ ಭಾವಚಿತ್ರಗಳಲ್ಲಿ ಇರುವವರು ಯಾರು, ಯಾವ ಊರಿನವರು, ಯಾವ ಕಸುಬು ಮಾಡಿದವರು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ, ಚಿತ್ರದ ಹಿಂಬದಿಯಲ್ಲಿ ಮಸಿಯಿಂದ ಬರೆದಿಡಿ. ಹೆಂಗಸರ ಹೆಸರನ್ನು ಮರೆಯಬೇಡಿ. ಬೇಗ ಮಾಯವಾಗುವುದು ಅದೇ. ಮನೆಬಿಟ್ಟು ದೂರ ಹೋಗಿ ತಿರುಗಿ ಬಾರದವರು ಯಾರಾದರೂ ಇದ್ದರೆ ಅವರ ಹೆಸರನ್ನು ಮೊದಲು ಬರೆಯಿರಿ. ಒಂದು ಭಾನುವಾರದ ಮಧ್ಯಾಹ್ನ ಈ ಕೆಲಸಕ್ಕೆ ಸಾಕು.